ಟ್ರಂಪೆಟ್ ಯಾವುದು, ಓಬೋ ಯಾವುದು? ಬಾಖ್‌ನ ಬ್ರಾಂಡೆನ್‌ಬರ್ಗ್ ಕಾನ್ಸರ್ಟೊಗಳನ್ನು ಬಣ್ಣ ಹಿಡಿದು ಕೇಳುವ ಬಗೆ

ಪಾಶ್ಚಾತ್ಯ ಸಂಗೀತದ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಬರೋಕ್ ಸಂಗೀತ ಹಿತವಾಗಿದೆ. ಆದರೆ ಎಲ್ಲಾ ಒಂದೇ ಥರ ಕೇಳಿಸುತ್ತದೆ. ಯಾವ ವಾದ್ಯ ಯಾವುದು ಅಂತ ಗೊತ್ತಾಗುವುದು ಹೇಗೆ?" ಒಬ್ಬೊಬ್ಬರಿಗೇ ಉತ್ತರಿಸಿ ಸಾಕಾಗಿದೆ. ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಬರೋಕ್ ಅಂದರೆ ಯುರೋಪಿನಲ್ಲಿ ಸುಮಾರು 1600ರಿಂದ 1750ರವರೆಗಿನ ಕಾಲ. ಕಾನ್ಸರ್ಟೊ ಅಂದರೆ ಒಬ್ಬರೋ ಕೆಲವರೋ ಮುಂದೆ ನಿಂತು, ಒಂದು ತಂಡ ಹಿಂದೆ ಇದ್ದು ನುಡಿಸುವ ಕೃತಿ. ವಾದ್ಯದ ಬಣ್ಣ ಅಂದರೇನು? ಒಂದೇ ಷಡ್ಜವನ್ನು ವೀಣೆಯಲ್ಲಿ ಮೀಟಿ, ಆಮೇಲೆ ಕೊಳಲಲ್ಲಿ ಊದಿ. ಸ್ವರ ಅದೇ. ಆದರೂ ಕಣ್ಣು ಮುಚ್ಚಿಕೊಂಡೇ ಯಾವುದು ಯಾವುದು ಅಂತ ಹೇಳುತ್ತೀರಿ, ಅಲ್ವಾ? ಆ ವ್ಯತ್ಯಾಸವೇ ಬಣ್ಣ.

ಈ ಅಭ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಆರು ಬ್ರಾಂಡೆನ್‌ಬರ್ಗ್ ಕಾನ್ಸರ್ಟೊಗಳನ್ನು. ಜರ್ಮನಿಯ ಕೋಥೆನ್ ಎಂಬ ಸಣ್ಣ ಅರಮನೆಯಲ್ಲಿ ಸಂಗೀತದ ಮುಖ್ಯಸ್ಥನಾಗಿದ್ದಾಗ ಬಾಖ್ ಇವನ್ನು ಒಟ್ಟು ಮಾಡಿ, ಚೊಕ್ಕವಾಗಿ ಪ್ರತಿ ಬರೆದು, 1721ರ ಮಾರ್ಚ್ 24ರ ದಿನಾಂಕ ಹಾಕಿ ಬ್ರಾಂಡೆನ್‌ಬರ್ಗಿನ ಮಾರ್ಗ್ರೇವ್ (ಒಂದು ಜರ್ಮನ್ ರಾಜಮನೆತನದ ಬಿರುದು) ಕ್ರಿಶ್ಚಿಯನ್ ಲುಡ್ವಿಗ್‌ಗೆ ಅರ್ಪಿಸಿದ. ಬ್ರಾಂಡೆನ್‌ಬರ್ಗ್ ಎಂಬ ಹೆಸರು ಬಾಖ್ ಇಟ್ಟದ್ದಲ್ಲ, 19ನೇ ಶತಮಾನದಲ್ಲಿ ಅವನ ಜೀವನಚರಿತ್ರೆ ಬರೆದ ಫಿಲಿಪ್ ಸ್ಪಿಟ್ಟಾ ಇಟ್ಟದ್ದು. ಬಾಖ್ ಫ್ರೆಂಚಿನಲ್ಲಿ ಬರೆದ ಶೀರ್ಷಿಕೆಯ ಅರ್ಥ ಸುಮ್ನೆ "ಹಲವು ವಾದ್ಯಗಳ ಆರು ಕಾನ್ಸರ್ಟೊಗಳು" ಅಂತ. ಆ "ಹಲವು ವಾದ್ಯಗಳ" ಅನ್ನುವುದರಲ್ಲೇ ಎಲ್ಲ ಇದೆ. ಆರರಲ್ಲಿ ಯಾವ ಎರಡಕ್ಕೂ ಒಂದೇ ವಾದ್ಯಗುಂಪು ಇಲ್ಲ.

ಏನೇನು ಬೇಕು

ಒಂದು ಜೊತೆ ಹೆಡ್‌ಫೋನ್ ಅಥವಾ ಇಯರ್‌ಫೋನ್. ದುಬಾರಿಯದು ಬೇಕಿಲ್ಲ. ಆದರೆ ಫೋನಿನ ಸ್ಪೀಕರ್ ಬೇಡವೇ ಬೇಡ, ಅದರಲ್ಲಿ ಕೆಳಗಿನ ಸ್ವರಗಳು ಮಾಯವಾಗುತ್ತವೆ. ಕೆಳಗಿನ ಸ್ವರ ಹೋದರೆ ಮೊದಲ ಹಂತದಲ್ಲೇ ಕೈ ಕಟ್ಟಿದ ಹಾಗೆ.

ಆರೂ ಕಾನ್ಸರ್ಟೊಗಳ ಒಂದು ಒಳ್ಳೆಯ ಧ್ವನಿಮುದ್ರಣವೂ ಬೇಕು. ಆರೂ ಸೇರಿ ಸುಮಾರು ಒಂದೂವರೆ ಗಂಟೆ ಆಗುತ್ತದೆ. ಹುಡುಕುವಾಗ "ಪೀರಿಯಡ್ ಇನ್‌ಸ್ಟ್ರುಮೆಂಟ್ಸ್" ಎಂದು ಸೇರಿಸಿ. ಅಂದರೆ ಆ ಕಾಲದ ಮಾದರಿಯ ವಾದ್ಯಗಳಲ್ಲಿ, ಲೋಹದ ಬದಲು ಕರುಳಿನ ತಂತಿ ಕಟ್ಟಿದ ಪಿಟೀಲುಗಳಲ್ಲಿ ನುಡಿಸಿದ್ದು ಅಂತ ಅರ್ಥ. ವಿಡಿಯೊ ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲ ಸಲ ಕಣ್ಣಿನ ಸಹಾಯ ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಪಾಶ್ಚಾತ್ಯ ಸ್ವರಲಿಪಿ ಓದಲು ಬರಬೇಕೆಂದಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಒಂದು ಸಂಜೆಗೆ ಒಂದು ಕಾನ್ಸರ್ಟೊ ಸಾಕು. ಆರನ್ನೂ ಒಟ್ಟಿಗೆ ಕೇಳಿದರೆ ಮತ್ತೆ "ಎಲ್ಲಾ ಒಂದೇ ಥರ" ಅನ್ನುವಲ್ಲಿಗೇ ಬಂದು ನಿಲ್ಲುತ್ತೀರಿ.

ಮೊದಲೇ ತಿಳಿದಿರಬೇಕಾದ ಮೂರು ಮಾತು

ಮೊದಲನೆಯದು ರಿಟೊರ್ನೆಲ್ಲೊ. ಇಟಾಲಿಯನ್ ಪದ, ಮರಳಿ ಬರುವುದು ಅಂತ ಅರ್ಥ. ಇಡೀ ತಂಡ ಒಟ್ಟಾಗಿ ನುಡಿಸುವ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ನಡುವಿನ ಜಾಗದಲ್ಲಿ ಮುಂದೆ ನಿಂತವರು ಮಾತಾಡುತ್ತಾರೆ. ನಮ್ಮ ಪಲ್ಲವಿ ನೆನಪಾಗಬಹುದು. ಆದರೆ ಇದು ಬೇರೆ ಬೇರೆ ಶ್ರುತಿಯಲ್ಲಿ, ಒಮ್ಮೆ ಪೂರ್ತಿಯಾಗಿ, ಒಮ್ಮೆ ತುಂಡಾಗಿ ಬರುತ್ತದೆ.

ಎರಡನೆಯದು ರಿಪಿಯೆನೊ. ಹಿಂದೆ ನಿಂತ ತಂಡಕ್ಕೆ ಈ ಹೆಸರು. ಹೆಚ್ಚಾಗಿ ಪಿಟೀಲು, ಮತ್ತು ಅದೇ ಕುಟುಂಬದ ದೊಡ್ಡ ವಾದ್ಯಗಳಾದ ವಯೋಲಾ, ಚೆಲ್ಲೊಗಳೇ ಇರುತ್ತವೆ.

ಮೂರನೆಯದು ಕಂಟಿನ್ಯುವೊ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬರೋಕ್ ಕೃತಿಯ ನೆಲಗಟ್ಟು ಇದು. ಚೆಲ್ಲೊದಂಥ ಒಂದು ತಗ್ಗು ಸ್ವರದ ವಾದ್ಯ ಕೆಳಗಿನ ಸಾಲನ್ನು ನುಡಿಸುತ್ತದೆ. ಅದೇ ಸಾಲಿನ ಮೇಲೆ ಹಾರ್ಪ್ಸಿಕಾರ್ಡ್ ನುಡಿಸುವವರು ಸ್ವರಗುಚ್ಛಗಳನ್ನು ತಾವೇ ಕಟ್ಟಿ ತುಂಬುತ್ತಾರೆ. ಹಾರ್ಪ್ಸಿಕಾರ್ಡ್ ನೋಡಲು ಪಿಯಾನೊ ಥರ ಇರುತ್ತದೆ. ಆದರೆ ಪಿಯಾನೊದಲ್ಲಿ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. ಇಲ್ಲಿ ಹಕ್ಕಿಯ ಗರಿಯ ದಂಟಿನಿಂದ ಮಾಡಿದ ಸಣ್ಣ ಕಡ್ಡಿ ತಂತಿಯನ್ನು ಮೀಟುತ್ತದೆ. ಅದಕ್ಕೇ ಜಣಜಣ ಅನ್ನುವ ನಾದ. ಬೆರಳನ್ನು ಎಷ್ಟು ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ.

ಇಲ್ಲಿ ನಮ್ಮವರು ಬೀಳುವ ಒಂದು ಗುಂಡಿ ಇದೆ. ಕಂಟಿನ್ಯುವೊವನ್ನು ತಂಬೂರಿಗೆ ಹೋಲಿಸಿಬಿಡುತ್ತಾರೆ. ತಂಬೂರಿ ಕದಲುವುದಿಲ್ಲ. ಕಂಟಿನ್ಯುವೊ ಪ್ರತಿ ಮಾತ್ರೆಗೂ ನಡೆಯುತ್ತಲೇ ಇರುತ್ತದೆ. ಅದು ಎಲ್ಲಿಗೆ ಹೋಗುತ್ತದೋ ಮೇಲಿನವರೂ ಅಲ್ಲಿಗೆ ಹೋಗಬೇಕು.

ಹಂತ 1: ವಾದ್ಯದ ಹೆಸರು ಬಿಡಿ, ಸದ್ದು ಹುಟ್ಟುವ ಬಗೆ ಹಿಡಿಯಿರಿ

ನಮ್ಮ ಶಾಸ್ತ್ರಗಳಲ್ಲಿ ವಾದ್ಯಗಳಿಗೆ ನಾಲ್ಕು ಗುಂಪು: ತತ, ಸುಷಿರ, ಅವನದ್ಧ, ಘನ. ಅಂದರೆ ತಂತಿಯವು, ಗಾಳಿಯವು, ಚರ್ಮ ಬಿಗಿದವು, ತಾಳದಂಥ ಗಟ್ಟಿ ವಸ್ತುವಿನವು. ಬ್ರಾಂಡೆನ್‌ಬರ್ಗ್‌ಗಳಲ್ಲಿ ಕೊನೆಯ ಎರಡು ಇಲ್ಲವೇ ಇಲ್ಲ. ಒಂದು ಮದ್ದಳೆಯೂ ಇಲ್ಲ, ಒಂದು ತಾಳವೂ ಇಲ್ಲ. ಲಯವನ್ನು ತಂತಿ ಮತ್ತು ಗಾಳಿಯೇ ಹೊರಬೇಕು. ಹಾಗಾಗಿ ನೀವು ಗುರುತಿಸಬೇಕಾದದ್ದು ಐದೇ ಐದು ಬಗೆ:

ಕಮಾನು ಎಳೆದದ್ದು (ಪಿಟೀಲು, ವಯೋಲಾ, ಚೆಲ್ಲೊ, ಗಾಂಬಾ).
ತಂತಿ ಮೀಟಿದ್ದು (ಹಾರ್ಪ್ಸಿಕಾರ್ಡ್).
ಬರೀ ಗಾಳಿ ಸೀಳಿದ್ದು (ರೆಕಾರ್ಡರ್ ಎಂಬ ನೇರ ಹಿಡಿಯುವ ಕೊಳಲು, ಅಡ್ಡ ಕೊಳಲು).
ಎರಡು ಓಲೆಯ ಪೀಪಿಯಿಂದ ಊದಿದ್ದು (ಓಬೋ, ಬಸೂನ್). ನಮ್ಮ ನಾಗಸ್ವರವೂ ಇದೇ ಕುಲ.
ತುಟಿಯನ್ನೇ ಕಂಪಿಸಿ ಊದಿದ್ದು (ಟ್ರಂಪೆಟ್, ಹಾರ್ನ್). ನಮ್ಮ ಕೊಂಬು ಕಹಳೆಗಳ ಕುಲ.

ಸ್ವರದ ಮಧ್ಯಭಾಗವನ್ನು ಕೇಳಿದರೆ ಮೋಸ ಹೋಗುತ್ತೀರಿ. ದೂರದಿಂದ ಕೇಳಿದರೆ ಓಬೋ ಮತ್ತು ಪಿಟೀಲು ಅಣ್ಣತಮ್ಮಂದಿರ ಹಾಗೆ ಇರುತ್ತವೆ. ಸ್ವರ ಶುರುವಾಗುವ ಕ್ಷಣಕ್ಕೆ ಕಿವಿ ಕೊಡಿ. ಕಮಾನು ಬಿದ್ದರೆ ಒಂದು ಸಣ್ಣ ಉಜ್ಜು ಕೇಳಿಸುತ್ತದೆ. ಓಬೋ ಆದರೆ ನಾಲಿಗೆಯಿಂದ "ತ" ಅಂದ ಹಾಗೆ ಬಿಡಿಯಾಗಿ ಶುರುವಾಗುತ್ತದೆ. ರೆಕಾರ್ಡರಿನಲ್ಲಿ ಸ್ವರಕ್ಕೂ ಮೊದಲು ಉಸಿರು ಕೇಳಿಸುತ್ತದೆ. ಉಳಿದ ಹಂತಗಳೆಲ್ಲ ಈ ಅಭ್ಯಾಸದ ಮೇಲೆಯೇ ನಿಂತಿವೆ.

ಹಂತ 2: ಮೂರನೆಯದರಿಂದ ಶುರು ಮಾಡಿ

ಒಂದರಿಂದ ಆರರವರೆಗೆ ಸಾಲಾಗಿ ಕೇಳಬೇಡಿ. ಬಹಳ ಜನ ಸೋಲುವುದು ಅಲ್ಲೇ. ಒಂದನೆಯದು ಆರರಲ್ಲೇ ಅತಿ ಗಿಜಿಗಿಜಿ. ಕಲಿಯುವವರಿಗೆ ನಾನು ಹೇಳುವ ಕ್ರಮ ಬೇರೆ: 3, 6, 4, 2, 5, 1.

ಮೂರನೆಯದು ಜಿ ಮೇಜರ್ ಎಂಬ ಸ್ವರಶ್ರೇಣಿಯಲ್ಲಿದೆ, ಬಿಡಬ್ಲ್ಯುವಿ 1048. ಬಿಡಬ್ಲ್ಯುವಿ ಅಂದರೆ ಬಾಖ್‌ನ ಕೃತಿಪಟ್ಟಿಯ ಕ್ರಮಸಂಖ್ಯೆ. ಆರೂ ಕಾನ್ಸರ್ಟೊಗಳು 1046ರಿಂದ 1051ರವರೆಗೆ ಸಾಲಾಗಿವೆ. ಹೆಸರಿಗಿಂತ ಸಂಖ್ಯೆ ಹಾಕಿ ಹುಡುಕಿದರೆ ಬೇಗ ಸಿಗುತ್ತದೆ.

ಇಲ್ಲಿ ಮೂರು ಪಿಟೀಲು, ಮೂರು ವಯೋಲಾ, ಮೂರು ಚೆಲ್ಲೊ, ಕೆಳಗೆ ಕಂಟಿನ್ಯುವೊ. ವಯೋಲಾ ಅಂದರೆ ಪಿಟೀಲಿಗಿಂತ ದೊಡ್ಡದು, ತಗ್ಗು ಕಂಠದ್ದು. ಎಲ್ಲಾ ಕಮಾನಿನ ವಾದ್ಯಗಳೇ, ಗಾಳಿ ವಾದ್ಯ ಒಂದೂ ಇಲ್ಲ. ಒಂದೇ ಕುಟುಂಬದಲ್ಲಿ ಬಣ್ಣ ಎಲ್ಲಿಂದ ಬರಬೇಕು? ಗುಂಪು ಕಟ್ಟುವುದರಿಂದ, ಒಡೆಯುವುದರಿಂದ. ಶುರುವಿನಲ್ಲಿ ಮೂವರು ಪಿಟೀಲಿನವರೂ ಒಂದೇ ಸಾಲು ನುಡಿಸುತ್ತಾರೆ. ವಯೋಲಾದವರದ್ದು ಒಂದು ಸಾಲು, ಚೆಲ್ಲೊದವರದ್ದು ಇನ್ನೊಂದು. ನಾದ ದಪ್ಪವಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಗುಂಪು ಒಡೆಯುತ್ತದೆ. ಒಂದು ಸಣ್ಣ ತುಣುಕು ಪಿಟೀಲಿನಿಂದ ವಯೋಲಾಕ್ಕೆ, ಅಲ್ಲಿಂದ ಚೆಲ್ಲೊಗೆ ಇಳಿಯುತ್ತದೆ. ಹೆಡ್‌ಫೋನಿನಲ್ಲಿ ಅದು ಎಡದಿಂದ ಬಲಕ್ಕೆ ಓಡುವುದೂ ಗೊತ್ತಾಗುತ್ತದೆ.

ಮಾಡಬೇಕಾದ್ದು: ಮೊದಲ ಭಾಗವನ್ನು (ಕಾನ್ಸರ್ಟೊ ಹೀಗೆ ಬಿಡಿ ಬಿಡಿ ಭಾಗಗಳಲ್ಲಿರುತ್ತದೆ, ಇಂಗ್ಲಿಷಿನಲ್ಲಿ ಮೂವ್‌ಮೆಂಟ್) ಮೂರು ಸಲ ಕೇಳಿ. ಒಂದು ಸಲ ಪಿಟೀಲು ಮಾತ್ರ, ಒಂದು ಸಲ ಚೆಲ್ಲೊ ಮಾತ್ರ, ಕೊನೆಗೆ ವಯೋಲಾ. ವಯೋಲಾ ಕಷ್ಟ. ಮೇಲೂ ಅಲ್ಲ ಕೆಳಗೂ ಅಲ್ಲ, ನಡುವೆ ಅಡಗಿರುತ್ತದೆ. ಕೈಗೆ ಸಿಗದಿದ್ದರೆ ಬಿಟ್ಟು ಮುಂದೆ ಹೋಗಿ. ಮುಂದಿನ ಹಂತ ಅದಕ್ಕೆಂದೇ ಇದೆ.

ಹಂತ 3: ಪಿಟೀಲೇ ಇಲ್ಲದ ಆರನೆಯದು

ಆರನೆಯ ಕಾನ್ಸರ್ಟೊದಲ್ಲಿ ಪಿಟೀಲು ಇಲ್ಲ. ಒಂದೂ ಇಲ್ಲ. ನಾನು ಇದನ್ನು ವರ್ಷಗಟ್ಟಲೆ ಕೇಳಿದ ಮೇಲೆ ಎಲ್ಲೋ ಓದಿ ತಿಳಿದೆ. ಕೇಳಿ ತಿಳಿಯಬೇಕಿತ್ತು, ನಾಚಿಕೆಯ ಮಾತು.

ಇಲ್ಲಿರುವುದು ಎರಡು ವಯೋಲಾ, ಎರಡು ವಯೋಲಾ ದ ಗಾಂಬಾ, ಒಂದು ಚೆಲ್ಲೊ, ಅದಕ್ಕೂ ಕೆಳಗಿನ ವಯೊಲೋನೆ, ಹಾರ್ಪ್ಸಿಕಾರ್ಡ್. ಹೆಸರಿನಲ್ಲಿ ವಯೋಲಾ ಇದ್ದರೂ ಗಾಂಬಾ ಬೇರೆಯೇ ಕುಟುಂಬ. ಕಾಲುಗಳ ನಡುವೆ ಹಿಡಿದು ನುಡಿಸುತ್ತಾರೆ. ಆರೋ ಏಳೋ ತಂತಿ ಇರುತ್ತವೆ. ಕತ್ತಿನ ಮೇಲೆ ವೀಣೆಗೆ ಇರುವ ಹಾಗೆ ಮೆಟ್ಟಿಲುಗಳು ಇವೆ. ಆದರೆ ಹಿತ್ತಾಳೆಯವಲ್ಲ, ಕರುಳಿನ ದಾರ ಸುತ್ತಿ ಕಟ್ಟಿದವು. ಕಮಾನನ್ನು ಅಂಗೈ ಮೇಲೆ ಮಾಡಿ ಹಿಡಿಯುತ್ತಾರೆ. ನಾದ ತೆಳು, ಸ್ವಲ್ಪ ಮೂಗಿನಿಂದ ಬಂದ ಹಾಗೆ. ಚೆಲ್ಲೊ ಅದಕ್ಕಿಂತ ತುಂಬು ಕಂಠದ್ದು.

ಶುರುವಾದ ತಕ್ಷಣ ಎರಡು ವಯೋಲಾಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಎರಡಕ್ಕೂ ಅದೇ ಸಾಲು, ಎರಡನೆಯದು ಅರ್ಧ ಮಾತ್ರೆ ತಡವಾಗಿ ಹೊರಡುತ್ತದೆ. ಬಾವಿಯಲ್ಲಿ ಕೂಗಿದರೆ ದನಿ ಮರಳುವ ಹಾಗೆ, ಆದರೆ ಅದಕ್ಕಿಂತ ಬಹಳ ಹತ್ತಿರ. ಕೆಳಗೆ ಗಾಂಬಾಗಳು ಒಂದೇ ಸ್ವರವನ್ನು ಒತ್ತಿ ಒತ್ತಿ ನುಡಿಸುತ್ತಿರುತ್ತವೆ. ಇಡೀ ಬಣ್ಣ ಕಂದು, ಕಾಫಿ ಡಿಕಾಕ್ಷನ್ ಥರ.

ಇದರಲ್ಲಿ ಇನ್ನೊಂದು ಕುಶಾಲೂ ಇದೆ. ಆ ಕಾಲದ ತಂಡಗಳಲ್ಲಿ ವಯೋಲಾ ಅಂದರೆ ಹಿಂದಿನ ಸಾಲಿನ ಕೆಲಸಗಾರ. ಗಾಂಬಾ ದೊಡ್ಡವರ ವಾದ್ಯ. ಬಾಖ್‌ಗೆ ಸಂಬಳ ಕೊಡುತ್ತಿದ್ದ ಕೋಥೆನ್‌ನ ರಾಜಕುಮಾರ ಲಿಯೋಪೋಲ್ಡ್ ಕೂಡ ಗಾಂಬಾ ನುಡಿಸುತ್ತಿದ್ದ. ಬಾಖ್ ಕೆಲಸಗಾರನಿಗೆ ಕಷ್ಟದ ಸಾಲು ಕೊಟ್ಟು ಮುಂದೆ ನಿಲ್ಲಿಸಿದ್ದಾನೆ, ದೊಡ್ಡವರಿಗೆ ಸುಲಭದ ಸಾಲು ಕೊಟ್ಟು ಹಿಂದೆ ಕೂರಿಸಿದ್ದಾನೆ. ಎರಡನೆಯ ಭಾಗದಲ್ಲಂತೂ ಗಾಂಬಾಗಳು ಪೂರ್ತಿ ಸುಮ್ಮನಿರುತ್ತವೆ. ಬೇಕೆಂದೇ ಮಾಡಿದನೋ ಇಲ್ಲವೋ, ಕೇಳುವಾಗ ನನಗಂತೂ ನಗು ಬರುತ್ತದೆ.

ಮಾಡಬೇಕಾದ್ದು: ಮೂರನೆಯದರ ಮೊದಲ ಒಂದು ನಿಮಿಷ, ತಕ್ಷಣ ಆರನೆಯದರ ಮೊದಲ ಒಂದು ನಿಮಿಷ ಕೇಳಿ. ಎರಡೂ ತಂತಿ ವಾದ್ಯಗಳವೇ. ಆರನೆಯದಕ್ಕೆ ಹೋದಾಗ ಕೋಣೆಯ ಮೇಲಿನ ದೀಪ ಆರಿಸಿದ ಹಾಗೆ ಅನ್ನಿಸಿದರೆ ನಿಮ್ಮ ಕಿವಿ ದಾರಿಗೆ ಬಂತು. ಈಗ ಮೂರನೆಯದಕ್ಕೆ ಮರಳಿ ವಯೋಲಾ ಹುಡುಕಿ. ಸಿಗುತ್ತದೆ.

ಹಂತ 4: ನಾಲ್ಕನೆಯದು, ಸದ್ದು ಮತ್ತು ಮರುಸದ್ದು

ಇದನ್ನು ಬೇಗ ಮುಗಿಸೋಣ. ಮುಂದೆ ಒಂದು ಪಿಟೀಲು, ಎರಡು ರೆಕಾರ್ಡರ್. ಪಿಟೀಲಿಗೆ ಬೆಂಕಿಯಂಥ ಕೆಲಸವಿದೆ, ಆದರೆ ನೀವು ಸದ್ಯಕ್ಕೆ ರೆಕಾರ್ಡರ್ ಹಿಡಿಯಿರಿ. ಎರಡನೆಯ ಭಾಗಕ್ಕೆ ನೇರ ಹೋಗಿ. ಇಡೀ ತಂಡ ಜೋರಾಗಿ ಒಂದು ಮಾತು ಹೇಳುತ್ತದೆ, ರೆಕಾರ್ಡರುಗಳು ಮತ್ತು ಪಿಟೀಲು ಅದನ್ನೇ ಮೆಲ್ಲಗೆ ಹೇಳುತ್ತವೆ. ಬಾಖ್ ಈ ರೆಕಾರ್ಡರುಗಳನ್ನು "ಪ್ರತಿಧ್ವನಿಯ ಕೊಳಲುಗಳು" ಎಂದು ಕರೆದಿದ್ದಾನೆ. ಅವು ನಿಖರವಾಗಿ ಯಾವ ವಾದ್ಯ ಅಂತ ವಿದ್ವಾಂಸರ ವಾದ ಇನ್ನೂ ಮುಗಿದಿಲ್ಲ.

ಎಚ್ಚರ: ಆ ಕಾಲದ ಹಸ್ತಪ್ರತಿಗಳಲ್ಲಿ ಬರೀ "ಫ್ಲೌಟೊ" ಅಂದರೆ ಸಾಮಾನ್ಯವಾಗಿ ರೆಕಾರ್ಡರ್, ಬಾಯಿಗೆ ನೇರ ಹಿಡಿದು ಊದುವಂಥದ್ದು. ನಮ್ಮ ಕೊಳಲಿನ ಹಾಗೆ ಅಡ್ಡ ಹಿಡಿಯುವುದಕ್ಕೆ "ಟ್ರಾವರ್ಸೊ" ಎಂಬ ಮಾತು. ಹಳೆಯ ಧ್ವನಿಮುದ್ರಣಗಳಲ್ಲಿ ರೆಕಾರ್ಡರ್ ಜಾಗದಲ್ಲಿ ಇಂದಿನ ಲೋಹದ ಕೊಳಲು ಇಟ್ಟುಬಿಟ್ಟಿರುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ನೀವು ಬಣ್ಣ ಕಲಿಯಲು ಕೂತಾಗ ಬೇರೆ ಬಣ್ಣ ತೋರಿಸಿದ ಹಾಗಾಗುತ್ತದೆ.

ಹಂತ 5: ಎರಡನೆಯದು, ನಾಲ್ಕು ದನಿಗಳ ಜಗಳ

ಆರರಲ್ಲಿ ನನಗೆ ಅತಿ ಪ್ರೀತಿಯದು ಇದು. ಕಲಿಯುವವರಿಗೆ ಅತಿ ಉಪಯೋಗದ್ದೂ ಇದೇ. ಮುಂದೆ ನಿಂತವರು ನಾಲ್ವರು: ಟ್ರಂಪೆಟ್, ರೆಕಾರ್ಡರ್, ಓಬೋ, ಪಿಟೀಲು. ಹಂತ 1ರಲ್ಲಿ ಹೇಳಿದ ಐದು ಬಗೆಯಲ್ಲಿ ನಾಲ್ಕು ಇಲ್ಲಿ ಒಬ್ಬೊಬ್ಬರಂತೆ ಬಂದು ನಿಂತಿವೆ: ತುಟಿ, ಗಾಳಿ, ಓಲೆ, ಕಮಾನು. ಐದನೆಯ ಹಾರ್ಪ್ಸಿಕಾರ್ಡ್ ಹಿಂದೆ ಕಂಟಿನ್ಯುವೊದಲ್ಲಿದೆ. ಇವು ಒಂದಕ್ಕೊಂದು ಹೊಂದುವ ವಾದ್ಯಗಳೇ ಅಲ್ಲ. ಟ್ರಂಪೆಟ್ ಬಯಲಿನ ವಾದ್ಯ, ರೆಕಾರ್ಡರ್ ಕೋಣೆಯದು. ಆ ಹೊಂದದಿರುವುದೇ ಇಲ್ಲಿನ ಸ್ವಾರಸ್ಯ.

ಮೊದಲು ಟ್ರಂಪೆಟ್ ಬಗ್ಗೆ ಎರಡು ಮಾತು. ಆ ಕಾಲದ ಟ್ರಂಪೆಟ್‌ಗೆ ಒತ್ತುವ ಗುಂಡಿ ಇರಲಿಲ್ಲ, ಸುತ್ತಿದ ಒಂದು ಕೊಳವೆ ಅಷ್ಟೇ. ತುಟಿ ಬಿಗಿ ಮಾಡಿ ಸಡಿಲ ಮಾಡಿ ಬೇರೆ ಬೇರೆ ಸ್ವರ ತರಬೇಕು. ಅಂಥ ಕೊಳವೆಯಲ್ಲಿ ಕೆಳಗಿನ ಸ್ವರಗಳು ದೂರ ದೂರ ಇರುತ್ತವೆ, ಅಲ್ಲಿ ಕಹಳೆಯ ಕೂಗು ಬರುತ್ತದೆಯೇ ಹೊರತು ರಾಗ ಬರುವುದಿಲ್ಲ. ಮೇಲೆ ಮೇಲೆ ಹೋದಂತೆ ಸ್ವರಗಳು ಹತ್ತಿರವಾಗುತ್ತವೆ. ಹಾಗಾಗಿ ಹಾಡಿನಂಥದ್ದನ್ನು ನುಡಿಸಬೇಕಾದರೆ ತುತ್ತತುದಿಗೇ ಹತ್ತಬೇಕು. ಇಲ್ಲಿನ ಟ್ರಂಪೆಟ್ ಅಷ್ಟು ಎತ್ತರದಲ್ಲಿ ಕೂತಿರುವುದಕ್ಕೆ ಕಾರಣ ಇದು, ಡೌಲು ಅಲ್ಲ. ಟ್ರಂಪೆಟ್ ಬಲ್ಲವರು ಈಗಲೂ ಹೆದರುವ ಕೃತಿಗಳಲ್ಲಿ ಇದೊಂದು. 1950ರ ಒಂದು ಪ್ರಸಿದ್ಧ ಧ್ವನಿಮುದ್ರಣದಲ್ಲಿ ಆ ಜಾಗಕ್ಕೆ ಸ್ಯಾಕ್ಸೊಫೋನ್ ತಂದು ಕೂರಿಸಿದ್ದರು! ಇಂದು ಹಳೆಯ ಮಾದರಿಯ ಟ್ರಂಪೆಟ್ ಊದುವವರಲ್ಲೂ ಅನೇಕರು ಶ್ರುತಿ ಸರಿಮಾಡಿಕೊಳ್ಳಲು ಕೊಳವೆಗೆ ಸಣ್ಣ ತೂತು ಕೊರೆಸಿಕೊಂಡಿರುತ್ತಾರೆ.

ಈಗ ಮೊದಲ ಭಾಗ ಹಾಕಿ. ತಂಡ ಒಟ್ಟಾಗಿ ರಿಟೊರ್ನೆಲ್ಲೊ ನುಡಿಸುತ್ತದೆ. ಆಮೇಲೆ ಬಾಖ್ ಒಬ್ಬೊಬ್ಬರನ್ನೇ ಪರಿಚಯ ಮಾಡಿಸುತ್ತಾನೆ. ಮೊದಲು ಪಿಟೀಲು ಒಂಟಿಯಾಗಿ ಒಂದು ಸಣ್ಣ ಮಾತು ಹೇಳುತ್ತದೆ. ತಂಡ ನಡುವೆ ಬಾಯಿ ಹಾಕುತ್ತದೆ. ಅದೇ ಮಾತನ್ನು ಓಬೋ ಹೇಳುತ್ತದೆ, ಪಿಟೀಲು ಜೊತೆ ಕೊಡುತ್ತದೆ. ಮತ್ತೆ ತಂಡ. ಆಮೇಲೆ ರೆಕಾರ್ಡರ್, ಜೊತೆಗೆ ಓಬೋ. ಕೊನೆಗೆ ಟ್ರಂಪೆಟ್, ಜೊತೆಗೆ ರೆಕಾರ್ಡರ್. ಮಾತು ಒಂದೇ, ನಾಲ್ಕು ಬಾಯಿ. ಬಣ್ಣ ಅಂದರೇನು ಅಂತ ಇದಕ್ಕಿಂತ ಚೆನ್ನಾಗಿ ಕಲಿಸುವ ಅರ್ಧ ನಿಮಿಷ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಹತ್ತು ಸಲ ಹಿಂದೆ ತಳ್ಳಿ ಹಾಕಿ ಕೇಳಿ.

ಎರಡನೆಯ ಭಾಗದಲ್ಲಿ ಟ್ರಂಪೆಟ್ ಇಲ್ಲ. ಹಿಂದಿನ ತಂಡವೂ ಇಲ್ಲ. ಉಳಿದ ಮೂವರು ಮತ್ತು ಕಂಟಿನ್ಯುವೊ ಮಾತ್ರ. ಇಲ್ಲಿ ಒಂದು ಗುಟ್ಟು ಹೇಳುತ್ತೇನೆ: ಬರೋಕ್‌ನಲ್ಲಿ ಬಣ್ಣ ಬದಲಾಗುವುದು ಯಾರು ನುಡಿಸುತ್ತಾರೆ ಅನ್ನುವುದರಿಂದ ಎಷ್ಟೋ, ಯಾರು ಸುಮ್ಮನಿದ್ದಾರೆ ಅನ್ನುವುದರಿಂದಲೂ ಅಷ್ಟೇ. ನಿಮ್ಮ ಹಾಳೆಯಲ್ಲಿ ಎರಡು ಕಾಲಂ ಹಾಕಿ: "ಇದ್ದಾರೆ", "ಇಲ್ಲ". ಪ್ರತಿ ಭಾಗಕ್ಕೂ ತುಂಬಿ. ಜನ "ಇದ್ದಾರೆ" ಅನ್ನುವುದನ್ನಷ್ಟೇ ಬರೆದು ನಿಲ್ಲಿಸುತ್ತಾರೆ. ಉಪಯೋಗಕ್ಕೆ ಬರುವುದು ಎರಡನೆಯ ಕಾಲಂ.

ಮೂರನೆಯ ಭಾಗ ಟ್ರಂಪೆಟ್‌ನಿಂದಲೇ ಶುರು, ಆಮೇಲೆ ಓಬೋ, ಪಿಟೀಲು, ರೆಕಾರ್ಡರ್ ಒಂದೊಂದಾಗಿ ಅದೇ ಸಾಲು ಹಿಡಿದು ಬರುತ್ತವೆ. ಹಿಂದಿನ ತಂಡ ಬಹಳ ಹೊತ್ತು ಬಾಯಿ ಬಿಡುವುದಿಲ್ಲ.

ಎಚ್ಚರ: ನಾಲ್ಕೂ ಸೇರಿದಾಗ ರೆಕಾರ್ಡರ್ ಕೇಳಿಸುವುದಿಲ್ಲ ಅಂತ ದೂರು ಬರುತ್ತದೆ. ನಿಮ್ಮ ಕಿವಿಯ ತಪ್ಪಲ್ಲ. ಇಂದಿನ ಸಣ್ಣ ಪಿಕೊಲೊ ಟ್ರಂಪೆಟ್ ಹಾಕಿದ ಧ್ವನಿಮುದ್ರಣ ಆಗಿದ್ದರೆ ಅದು ರೆಕಾರ್ಡರನ್ನು ನುಂಗಿಬಿಡುತ್ತದೆ. ಹಳೆಯ ಮಾದರಿಯ ಟ್ರಂಪೆಟ್ ಇಷ್ಟು ಚೂಪಲ್ಲ. ಧ್ವನಿಮುದ್ರಣ ಬದಲಿಸಿ ನೋಡಿ.

ಒಂದು ಉಪಕತೆ. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಹೋದ ಚಿನ್ನದ ತಟ್ಟೆಯಲ್ಲಿ ಮೊದಲ ಸಂಗೀತ ಇದೇ ಮೊದಲ ಭಾಗ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ.

ಹಂತ 6: ಐದನೆಯದು, ಹಿಂದಿದ್ದವನು ಮುಂದೆ ಬಂದ ಕತೆ

ಮುಂದೆ ಅಡ್ಡ ಕೊಳಲು, ಪಿಟೀಲು, ಹಾರ್ಪ್ಸಿಕಾರ್ಡ್. ಕೊನೆಯ ಹೆಸರು ಗಮನಿಸಿ. ಇಷ್ಟೊತ್ತು ಕಂಟಿನ್ಯುವೊದಲ್ಲಿ ತುಂಬುವ ಕೆಲಸ ಮಾಡುತ್ತಿದ್ದ ವಾದ್ಯ ಇಲ್ಲಿ ಮುಂದಿನ ಸಾಲಿಗೆ ಬಂದಿದೆ. 1719ರಲ್ಲಿ ಬಾಖ್ ಬರ್ಲಿನ್‌ಗೆ ಹೋಗಿ ಮಿಖಾಯೆಲ್ ಮೀಟ್ಕೆ ಎಂಬ ತಯಾರಕನ ಹೊಸ ಹಾರ್ಪ್ಸಿಕಾರ್ಡ್ ಒಂದನ್ನು ಕೋಥೆನ್‌ಗೆ ತಂದಿದ್ದ. ಅದನ್ನು ಮೆರೆಸಲೆಂದೇ ಈ ಕೃತಿ ಬರೆದ ಅಂತ ಹಲವರ ಊಹೆ.

ಮೊದಲ ಭಾಗದ ಆರಂಭದಲ್ಲಿ ಹಾರ್ಪ್ಸಿಕಾರ್ಡ್ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ನಿಧಾನವಾಗಿ ಅದರ ಕೈ ಚುರುಕಾಗುತ್ತದೆ. ಕೊಳಲು, ಪಿಟೀಲು ಮಾತಾಡುತ್ತಿದ್ದರೂ ಕೆಳಗೆ ಅದು ಹರಿಯುತ್ತಲೇ ಇರುತ್ತದೆ. ಒಂದು ಹಂತದಲ್ಲಿ ಎಲ್ಲರೂ ನಿಂತು ಬಿಡುತ್ತಾರೆ. ಅಲ್ಲಿಂದ 65 ಬಾರ್, ಅಂದರೆ 65 ಆವರ್ತನದಷ್ಟು, ಹಾರ್ಪ್ಸಿಕಾರ್ಡ್ ಒಂದೇ. ಕಛೇರಿಯಲ್ಲಿ ತನಿ ಆವರ್ತನ ಬಿಟ್ಟ ಹಾಗೆ ಅನ್ನಿಸುತ್ತದೆ. ವ್ಯತ್ಯಾಸ ಇಷ್ಟೇ, ಇದರಲ್ಲಿ ಮನೋಧರ್ಮ ಇಲ್ಲ. ಪ್ರತಿ ಸ್ವರವನ್ನೂ ಬಾಖ್ ಬರೆದಿಟ್ಟಿದ್ದಾನೆ. ಇದೇ ಕೃತಿಯ ಹಿಂದಿನ ರೂಪವೊಂದು ಉಳಿದಿದೆ. ಅದರಲ್ಲಿ ಈ ಒಂಟಿ ಭಾಗ ಬಹಳ ಚಿಕ್ಕದು.

ಮಾಡಬೇಕಾದ್ದು: ಆ ಒಂಟಿ ಭಾಗದಲ್ಲಿ ಸದ್ದು ಏರುವುದು ಹೇಗೆ ಅಂತ ಗಮನಿಸಿ. ಬೆರಳ ಒತ್ತಡದಿಂದ ಏರಲಾರದು ಅಂದೆನಲ್ಲ. ಬಾಖ್ ಸ್ವರಗಳನ್ನು ಜಾಸ್ತಿ ಮಾಡುತ್ತಾನೆ, ವೇಗವಾಗಿ, ಒತ್ತೊತ್ತಾಗಿ. ಒಂದೇ ಅಳತೆಯ ಹನಿಗಳೇ ಆದರೂ ಹನಿ ಹೆಚ್ಚಾದರೆ ಜಡಿಮಳೆ ತಾನೇ?

ಎಚ್ಚರ: ಇದನ್ನು ಪಿಯಾನೊದಲ್ಲಿ ನುಡಿಸಿದ ಧ್ವನಿಮುದ್ರಣ ಮೊದಲು ಕೇಳಬೇಡಿ. ಪಿಯಾನೊ ಮೆಲ್ಲಗೆ ಶುರು ಮಾಡಿ ಜೋರಾಗಬಲ್ಲದು, ಆಗ ಬಾಖ್ ಸ್ವರ ಪೇರಿಸಿದ್ದು ಯಾಕೆ ಅಂತಲೇ ತಿಳಿಯುವುದಿಲ್ಲ.

ಹಂತ 7: ಒಂದನೆಯದು, ಅರಮನೆಗೆ ಬಂದ ಬೇಟೆಗಾರರು

ಈಗ ಗಿಜಿಗಿಜಿಗೆ ನೀವು ಸಿದ್ಧ. ಎರಡು ಬೇಟೆಯ ಹಾರ್ನ್, ಮೂರು ಓಬೋ, ಒಂದು ಬಸೂನ್, ಪಿಕೊಲೊ ಪಿಟೀಲು ಎಂಬ ಸಣ್ಣ ಪಿಟೀಲು, ಮತ್ತೆ ತಂತಿ ತಂಡ. ಸಣ್ಣ ಪಿಟೀಲಿನ ಶ್ರುತಿ ಮಾಮೂಲಿಗಿಂತ ಎತ್ತರ, ದನಿ ಚುರುಕು. ಬಸೂನ್ ಅಂದರೆ ಓಬೋದ ತಗ್ಗು ಕಂಠದ ಅಣ್ಣ.

ಶುರುವಿನಲ್ಲೇ ಹಾರ್ನ್‌ಗಳು ಬೇಟೆಯ ಕೂಗು ಹಾಕುತ್ತವೆ. ಸುತ್ತಲಿನವರು ನಾಲ್ಕು ನಾಲ್ಕಾಗಿ ಸ್ವರ ಬಿಡಿಸುತ್ತಿದ್ದರೆ ಇವರ ಕೂಗು ಮೂರು ಮೂರು. ಚತುರಶ್ರದೊಳಗೆ ತಿಶ್ರ ನುಗ್ಗಿದ ಹಾಗೆ. ಸಭ್ಯರ ಮನೆಗೆ ಕೆಸರು ಕಾಲಲ್ಲಿ ಬಂದವರ ಹಾಗೆ ಕೇಳಿಸುತ್ತದೆ.

ಕೊನೆಯ ಭಾಗ ನಿಮಗೆ ಸಿದ್ಧ ಪಾಠ. ಮಿನುಯೆಟ್ ಎಂಬ ನೃತ್ಯದ ಓಟ ನಾಲ್ಕು ಸಲ ಬರುತ್ತದೆ, ಇಡೀ ತಂಡದಿಂದ. ನಡುವಿನ ಮೂರು ಜಾಗದಲ್ಲಿ ಮೂರು ಬಣ್ಣ: ಮೊದಲು ಎರಡು ಓಬೋ ಮತ್ತು ಬಸೂನ್, ಆಮೇಲೆ ತಂತಿ ಮಾತ್ರ, ಕೊನೆಗೆ ಹಾರ್ನ್‌ಗಳು ಮತ್ತು ಒಟ್ಟಾಗಿ ಊದುವ ಓಬೋಗಳು. ಓಲೆ, ಕಮಾನು, ತುಟಿ ಮೂರೂ ಸಾಲಾಗಿ ಸಿಗುತ್ತವೆ.

ಎಚ್ಚರ: ಇಡೀ ತಂಡ ನುಡಿಸುವಾಗ ಓಬೋ ಕಾಣದಿದ್ದರೆ ಗಾಬರಿ ಬೇಡ. ಎಷ್ಟೋ ಕಡೆ ಅವು ಪಿಟೀಲಿನ ಸಾಲನ್ನೇ ನುಡಿಸುತ್ತಿರುತ್ತವೆ. ಬೇರೆಯಾಗಿ ಕೇಳಿಸುವುದಿಲ್ಲ, ಪಿಟೀಲಿಗೆ ಒಂದು ಅಂಚು ಕೊಟ್ಟ ಹಾಗೆ ಇರುತ್ತದೆ.

ಹಂತ 8: ಬಾಖ್‌ನಿಂದ ವೆನಿಸ್‌ಗೆ

ಬಾಖ್ ಕಾನ್ಸರ್ಟೊ ಕಲಿತದ್ದು ಬಹುಮಟ್ಟಿಗೆ ವೆನಿಸ್‌ನ ಆಂಟೋನಿಯೊ ವಿವಾಲ್ಡಿಯಿಂದ. ವಿವಾಲ್ಡಿಯ ನಾಲ್ಕು ಪಿಟೀಲುಗಳ ಕಾನ್ಸರ್ಟೊ ಒಂದನ್ನು ನಾಲ್ಕು ಹಾರ್ಪ್ಸಿಕಾರ್ಡಿಗೆ ಬದಲಾಯಿಸಿ ಬರೆದದ್ದೂ ಇದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಸ್ವರ ಅವೇ, ಎಳೆದದ್ದು ಮೀಟಿದ್ದಾಗಿದೆ.

ವಿವಾಲ್ಡಿ 1703ರಿಂದ ಪಿಯೆತಾ ಎಂಬ ಅನಾಥಾಲಯದಲ್ಲಿ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದ. ಅಲ್ಲಿನ ಹುಡುಗಿಯರು ನುಡಿಸದ ವಾದ್ಯವೇ ಇರಲಿಲ್ಲ ಅನ್ನಬೇಕು. 1740ರಲ್ಲಿ ಒಬ್ಬ ರಾಜಕುಮಾರ ಬಂದಾಗ ನುಡಿಸಿದ ಒಂದು ಕಾನ್ಸರ್ಟೊದಲ್ಲಿ (ವಿವಾಲ್ಡಿಯ ಕೃತಿಪಟ್ಟಿಯಲ್ಲಿ ಆರ್‌ವಿ 558) ಮ್ಯಾಂಡೊಲಿನ್, ರೆಕಾರ್ಡರ್, ಒಂದೇ ಓಲೆಯ ಶಾಲುಮೊ, ಉದ್ದ ಕತ್ತಿನ, ತಂತಿ ಮೀಟುವ ಥಿಯೊರ್ಬೊ, ಎಲ್ಲಾ ಎರಡೆರಡು ಇವೆ. ಶಾಲುಮೊ ಇಂದಿನ ಕ್ಲಾರಿನೆಟ್‌ನ ಹಿರೀಕ.

ಆದರೆ ನೀವು ಮೊದಲು ಕೇಳಬೇಕಾದದ್ದು ಎಲ್ಲರಿಗೂ ಗೊತ್ತಿರುವ "ನಾಲ್ಕು ಋತುಗಳು", 1725ರಲ್ಲಿ ಅಚ್ಚಾದದ್ದು. ಅಲ್ಲಿ ತಂತಿ ತಂಡ ಮತ್ತು ಹಾರ್ಪ್ಸಿಕಾರ್ಡ್ ಬಿಟ್ಟು ಬೇರೆ ಏನೂ ಇಲ್ಲ. ನಿಧಾನದ ಭಾಗಗಳನ್ನಷ್ಟೇ ಕೇಳಿ. ವಸಂತದಲ್ಲಿ ಕೆಳಗಿನ ವಾದ್ಯಗಳೆಲ್ಲ ಸುಮ್ಮನೆ, ಮಲಗಿದ ಕುರಿಗಾಹಿಯ ಪಕ್ಕದಲ್ಲಿ ವಯೋಲಾ ನಾಯಿಯಾಗಿ ಬೊಗಳುತ್ತದೆ. ಶರತ್ಕಾಲದಲ್ಲಿ ಪಿಟೀಲುಗಳಿಗೆ ಮ್ಯೂಟ್ ಎಂಬ ಸಣ್ಣ ತಡೆ ಸಿಕ್ಕಿಸಿ ನಾದ ಮಂಕು ಮಾಡುತ್ತಾರೆ, ಮೇಲೆ ಹಾರ್ಪ್ಸಿಕಾರ್ಡ್ ಸ್ವರಗಳನ್ನು ಬಿಡಿಬಿಡಿಯಾಗಿ ಚೆಲ್ಲುತ್ತದೆ. ಚಳಿಗಾಲದಲ್ಲಿ ತಂಡದ ಪಿಟೀಲುಗಳು ಕಮಾನು ಬಿಟ್ಟು ಬೆರಳಲ್ಲಿ ಮೀಟುತ್ತವೆ, ಹೊರಗೆ ಮಳೆಹನಿ ಬಿದ್ದ ಹಾಗೆ.

ಇನ್ನೂ ಎರಡು ತೊಡಕು

ಸಂಗೀತ ಕಲಿತವರಿಗೆ ಒಂದು ಕಿರಿಕಿರಿ ಆಗಬಹುದು. ಹಳೆಯ ಮಾದರಿಯ ವಾದ್ಯಗಳ ತಂಡಗಳು ಇಂದಿನ ಮಟ್ಟಕ್ಕಿಂತ ಸುಮಾರು ಅರ್ಧ ಸ್ವರ ಕೆಳಗೆ ಶ್ರುತಿ ಇಡುತ್ತವೆ. ಸಾಮಾನ್ಯವಾಗಿ 440ರ ಬದಲು 415 ಹರ್ಟ್ಜ್. ಎರಡು ಧ್ವನಿಮುದ್ರಣ ಒಂದರ ಹಿಂದೆ ಒಂದು ಹಾಕಿದರೆ ಶ್ರುತಿ ಜಾರಿತೇನೋ ಅನ್ನಿಸುತ್ತದೆ. ಜಾರಿಲ್ಲ.

ಇನ್ನೊಂದು, ಹಿನ್ನೆಲೆಯಲ್ಲಿ ಹಾಕಿಕೊಂಡು ಬೇರೆ ಕೆಲಸ ಮಾಡುವುದು. ಇಷ್ಟಪಟ್ಟು ಕೇಳಲು ಅದೇನೂ ತಪ್ಪಲ್ಲ. ಆದರೆ ಬಣ್ಣ ಕಲಿಯುವ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ಹಂತ 9: ಪರೀಕ್ಷೆ

ಆರು ಕಾನ್ಸರ್ಟೊಗಳ ಎರಡನೆಯ ಭಾಗಗಳನ್ನಷ್ಟೇ ಒಂದು ಪಟ್ಟಿಗೆ ಹಾಕಿ. ಶಫಲ್ ಒತ್ತಿ, ಫೋನ್ ಮಗುಚಿಡಿ. ಹತ್ತು ಸೆಕೆಂಡಿನಲ್ಲಿ ಸಂಖ್ಯೆ ಹೇಳಬೇಕು. ಓಬೋ ಅಳುತ್ತಿದ್ದು ಸಣ್ಣ ಪಿಟೀಲು ಅದಕ್ಕೆ ಉತ್ತರ ಕೊಟ್ಟರೆ ಒಂದು. ರೆಕಾರ್ಡರ್, ಓಬೋ, ಪಿಟೀಲು ಮೂರೇ ಇದ್ದರೆ ಎರಡು. ಜೋರು ಮೆಲ್ಲಗೆ ಜೋರು ಮೆಲ್ಲಗೆ ಅಂದರೆ ನಾಲ್ಕು. ಅಡ್ಡ ಕೊಳಲು, ಪಿಟೀಲು, ಹಾರ್ಪ್ಸಿಕಾರ್ಡ್ ಆದರೆ ಐದು. ಎರಡು ವಯೋಲಾ ಸರದಿಯಲ್ಲಿ ಹಾಡಿದರೆ ಆರು.

ಮೂರನೆಯದು ಬಂದರೆ ಮಾತ್ರ ಹತ್ತು ಸೆಕೆಂಡ್ ಕೇಳಬೇಡಿ. ಅಲ್ಲಿ ಬಾಖ್ ಬರೆದಿರುವುದು ಎರಡೇ ಎರಡು ಸ್ವರಗುಚ್ಛ. ನೀವು ಬಾಯಿ ತೆರೆಯುವಷ್ಟರಲ್ಲಿ ಆ ಭಾಗವೇ ಮುಗಿದುಹೋಗಿರುತ್ತದೆ.